ಹುಟ್ಟಿದಾಗಿನಿಂದ ಬಿಡದ ಕಫ

ನಮ್ಮ ಆಸ್ಪತ್ರೆಗಳಲ್ಲಿ ಮೂಗಿಗೆ ಒಂದು ಬಾಗಿಲು, ಶ್ವಾಸಕೋಶಕ್ಕೆ ಇನ್ನೊಂದು. ಮೂಗು ಕಟ್ಟಿದರೆ, ಕಿವಿ ಸೋರಿದರೆ ಇಎನ್‌ಟಿ ವೈದ್ಯರು. ಕೆಮ್ಮಿದರೆ ಎದೆರೋಗ ತಜ್ಞರು. ಸಾಮಾನ್ಯ ಕಾಯಿಲೆಗಳಿಗೆ ಈ ಪಾಲುಪಟ್ಟಿ ಸಾಕು. ಆದರೆ ಅಪರೂಪದ ಕೆಲವು ಕಾಯಿಲೆಗಳು ಎರಡೂ ಕಡೆ ಒಟ್ಟಿಗೆ ಕೂತಿರುತ್ತವೆ. ಒಂದೊಂದು ಬಾಗಿಲಲ್ಲಿ ಅರ್ಧರ್ಧ ಮುಖ ತೋರಿಸಿ ವರ್ಷಗಟ್ಟಲೆ ಸಿಕ್ಕಿಬೀಳುವುದಿಲ್ಲ. ಅವುಗಳಲ್ಲಿ ಒಂದನ್ನು ಮಾತ್ರ ಈ ಅಧ್ಯಾಯಕ್ಕೆ ಆರಿಸಿಕೊಂಡಿದ್ದೇನೆ. ಹೆಸರು ಪ್ರೈಮರಿ ಸಿಲಿಯರಿ ಡಿಸ್ಕಿನೇಸಿಯಾ, ಚಿಕ್ಕದಾಗಿ ಪಿಸಿಡಿ. ಸುಮಾರು 10,000ದಿಂದ 20,000 ಜನನಗಳಿಗೆ ಒಂದರಂತೆ ಕಾಣಿಸುವ, ವಂಶವಾಹಿಯ ದೋಷದಿಂದ ಬರುವ ಕಾಯಿಲೆ. ಅಂಟುರೋಗವಲ್ಲ.

ಇಲ್ಲಿ ಕೆಟ್ಟಿರುವುದು ಲೋಮಾಂಗ. ಶಾಲೆಯಲ್ಲಿ ಪ್ಯಾರಮೀಸಿಯಂ ಎಂಬ ಸೂಕ್ಷ್ಮಜೀವಿಯ ಚಿತ್ರ ಬರೆಯುವಾಗ ಮೈಸುತ್ತ ಬರೆದ ಸಣ್ಣ ಗೆರೆಗಳು ನೆನಪಿವೆಯಲ್ಲ, ಅವೇ. ಕನ್ನಡಿಯಲ್ಲಿ ಕಾಣುವ ಮೂಗಿನ ಕೂದಲು ಎಂದು ಬಹಳ ಜನ ಭಾವಿಸುತ್ತಾರೆ, ಅದಲ್ಲ. ಕೂದಲು ಸತ್ತ ಎಳೆ; ಲೋಮಾಂಗ ಜೀವಕೋಶದ್ದೇ ಭಾಗ, ಉದ್ದ ಒಂದು ಮಿಲಿಮೀಟರಿನ ನೂರರಲ್ಲೊಂದು ಪಾಲಿಗೂ ಕಡಿಮೆ. ಮೂಗು, ಸೈನಸ್, ಶ್ವಾಸನಾಳಗಳ ಒಳಮೈಯಲ್ಲಿ ಒಂದೊಂದು ಜೀವಕೋಶದ ಮೇಲೂ ಇನ್ನೂರರ ಆಸುಪಾಸು ಲೋಮಾಂಗಗಳು ನಿಂತಿರುತ್ತವೆ. ಅವು ಸೆಕೆಂಡಿಗೆ ಹತ್ತು ಹದಿನೈದು ಸಲ ಬೀಸುತ್ತವೆ. ಬೀಸುವ ರೀತಿ ಈಜುವವನ ಕೈಯಂತೆ: ನೀಟಾಗಿ ಚಾಚಿಕೊಂಡು ಒಂದು ತಳ್ಳು, ಆಮೇಲೆ ಮಡಚಿಕೊಂಡು ಕೆಳಗಿನಿಂದ ಹಿಂದಕ್ಕೆ. ಚಾಚಿದಾಗ ತುದಿ ಮಾತ್ರ ಮೇಲಿನ ಲೋಳೆಗೆ ತಾಗುತ್ತದೆ. ಮಡಚಿದಾಗ ಬುಡದ ತೆಳು ದ್ರವದೊಳಗೇ ಸರಿದು ಬರುತ್ತದೆ. ಹಾಗಾಗಿ ಲೋಳೆ ಒಂದೇ ದಿಕ್ಕಿಗೆ, ನಿಮಿಷಕ್ಕೆ ಕೆಲವು ಮಿಲಿಮೀಟರ್, ಗಂಟಲಿನತ್ತ ಸಾಗುತ್ತದೆ. ಉಸಿರಿನೊಡನೆ ಒಳಬಂದ ಧೂಳು, ರೋಗಾಣು ಎಲ್ಲವೂ ಆ ಲೋಳೆಗೆ ಅಂಟಿಕೊಂಡು ಗಂಟಲಿಗೆ ಬರುತ್ತವೆ, ನಮಗೆ ಗೊತ್ತೇ ಆಗದಂತೆ ನುಂಗಿಬಿಡುತ್ತೇವೆ.

ಬೀಸಲು ಬೇಕಾದ ಬಲ ಬರುವುದು ಡೈನೀನ್ ಎಂಬ ಪ್ರೋಟೀನಿನಿಂದ. ಲೋಮಾಂಗವನ್ನು ಅಡ್ಡಕ್ಕೆ ಕತ್ತರಿಸಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಇಟ್ಟರೆ ಸುತ್ತ ಒಂಬತ್ತು ಜೋಡಿ ನಳಿಕೆಗಳು, ನಡುವೆ ಎರಡು ಕಾಣುತ್ತವೆ. ಸುತ್ತಲಿನ ಪ್ರತಿ ಜೋಡಿಯಿಂದಲೂ ಪುಟ್ಟ ತೋಳುಗಳು ಪಕ್ಕದ ಜೋಡಿಯತ್ತ ಚಾಚಿರುತ್ತವೆ. ಆ ತೋಳುಗಳೇ ಡೈನೀನ್. ಸ್ವೀಡನ್ನಿನ ಬ್ಯೋರ್ನ್ ಆಫ್ಜೇಲಿಯಸ್ 1959ರಲ್ಲಿ ಅವನ್ನು ವರ್ಣಿಸಿದ್ದು ಕಡಲ ಅರ್ಚಿನ್ ಎಂಬ ಮುಳ್ಳುಜೀವಿಯ ವೀರ್ಯಾಣುವಿನ ಬಾಲದಲ್ಲಿ; ಆ ಬಾಲದ ಒಳರಚನೆಯೂ ಲೋಮಾಂಗದಂತೆಯೇ. ಸಮುದ್ರಜೀವಿಯ ಬಾಲ ನೋಡುತ್ತ ಕೂರುವುದರಿಂದ ಯಾರಿಗೇನು ಲಾಭ ಎನ್ನುವವರಿಗೆ ನಾನು ಮುಂದಿನ ಕತೆ ಹೇಳುತ್ತೇನೆ. ಮಕ್ಕಳಾಗದ ಕೆಲವು ಗಂಡಸರ ವೀರ್ಯಾಣುಗಳು ಅಲುಗಾಡುತ್ತಿರಲಿಲ್ಲ. ಅವುಗಳ ಬಾಲದಲ್ಲಿ ಡೈನೀನ್ ತೋಳುಗಳಿರಲಿಲ್ಲ. ವಿಚಾರಿಸಿದರೆ ಅವರಿಗೆ ಚಿಕ್ಕಂದಿನಿಂದ ಕಫ, ಸೈನಸ್ ತೊಂದರೆ. ಇನ್ನೂ ವಿಚಿತ್ರವೆಂದರೆ ಅವರಲ್ಲಿ ಅರ್ಧದಷ್ಟು ಜನರ ಹೃದಯ ಬಲಗಡೆ ಇತ್ತು! 1976ರಲ್ಲಿ ಆಫ್ಜೇಲಿಯಸ್ ಇವೆಲ್ಲವನ್ನೂ ಒಂದೇ ದೋಷಕ್ಕೆ ಜೋಡಿಸಿದ. ಸೈನಸ್ ಸೋಂಕು, ಹಿಗ್ಗಿ ಹಾಳಾದ ಶ್ವಾಸನಾಳ, ಅದಲುಬದಲಾದ ಅಂಗಗಳು ಒಟ್ಟಿಗೆ ಬರುವುದನ್ನು ಸ್ವಿಟ್ಜರ್‌ಲೆಂಡಿನ ವೈದ್ಯ ಕಾರ್ಟಾಗೆನರ್ 1933ರಲ್ಲೇ ವಿವರಿಸಿದ್ದ. ಕಾರಣ ತಿಳಿಯಲು ನಾಲ್ಕು ದಶಕ ಬೇಕಾಯಿತು.

ಕಫಕ್ಕೂ ಹೃದಯ ಬಲಕ್ಕೆ ಹೋಗುವುದಕ್ಕೂ ಏನು ನಂಟು? ಇದು ನನಗೆ ಎಷ್ಟು ಸಲ ಹೇಳಿದರೂ ಬೇಸರವಾಗದ ಭಾಗ. ಭ್ರೂಣ ಮೊದಲು ಎಡಬಲ ಸಮವಾಗಿಯೇ ಇರುತ್ತದೆ. ಅದರ ಮೇಲಿನ ಒಂದು ಪುಟ್ಟ ಗುಳಿಯಲ್ಲಿ ಲೋಮಾಂಗಗಳು ಗಿರಗಿರನೆ ಸುತ್ತುತ್ತ ದ್ರವವನ್ನು ಎಡಕ್ಕೆ ಹರಿಸುತ್ತವೆ. ‘ಇದು ಎಡ’ ಎಂಬ ಸುದ್ದಿ ದೇಹಕ್ಕೆ ತಿಳಿಯುವುದು ಆ ಹರಿವಿನಿಂದ. ಜಪಾನಿನ ಹಿರೋಕಾವಾ ತಂಡ 1998ರಲ್ಲಿ ಇಲಿಯ ಭ್ರೂಣದಲ್ಲಿ ಇದನ್ನು ತೋರಿಸಿತು. ಲೋಮಾಂಗ ಸುತ್ತದಿದ್ದರೆ ಸುದ್ದಿಯೂ ಇಲ್ಲ. ಆಗ ಹೃದಯ ಎಡಕ್ಕೋ ಬಲಕ್ಕೋ ಎಂಬುದು ಬರೀ ಅದೃಷ್ಟ. ಪಿಸಿಡಿ ಇದ್ದವರಲ್ಲಿ ಅರ್ಧದಷ್ಟು ಜನರಿಗೆ ಮಾತ್ರ ಅಂಗಗಳು ತಿರುವುಮುರುವಾಗಿರುವುದು ಈ ಕಾರಣಕ್ಕೆ. ಎರಡು ತಪ್ಪು ತಿಳಿವಳಿಕೆಗಳು ಹುಟ್ಟುವುದೂ ಇಲ್ಲೇ. ಹೃದಯ ಎಡಕ್ಕಿದೆ, ಆದ್ದರಿಂದ ಪಿಸಿಡಿ ಅಲ್ಲ ಎನ್ನುವುದು ತಪ್ಪು. ಹೃದಯ ಬಲಕ್ಕಿದೆ, ಆದ್ದರಿಂದ ಪಿಸಿಡಿಯೇ ಎನ್ನುವುದೂ ತಪ್ಪು. ಬಲಹೃದಯದ ಹೆಚ್ಚಿನವರ ಲೋಮಾಂಗಗಳು ಸರಿಯಾಗಿಯೇ ಇರುತ್ತವೆ. ಎಕ್ಸ್‌ರೇ ನೋಡುವಾಗ ಇನ್ನೊಂದು ಎಡವಟ್ಟು ಇದೆ. ಹೃದಯ ಬಲಕ್ಕೆ ಕಂಡರೆ ಫಿಲ್ಮ್ ಉಲ್ಟಾ ಇಟ್ಟಿದ್ದಾರೆಂದುಕೊಂಡು ತಿರುಗಿಸಿ ನೋಡುವುದುಂಟು. ಮೂಲೆಯ ‘ಎಲ್’, ‘ಆರ್’ ಗುರುತು ನೋಡದೆ ತಿರುಗಿಸಿದರೆ ಸಿಕ್ಕ ಸುಳಿವು ಕೈತಪ್ಪಿತು.

ಸುಳಿವುಗಳು ಹುಟ್ಟಿದ ದಿನವೇ ಶುರುವಾಗುತ್ತವೆ. ತಿಂಗಳು ತುಂಬಿ ಹುಟ್ಟಿದ ಮಗು ಕಾರಣವಿಲ್ಲದೆ ಉಸಿರಿಗೆ ಕಷ್ಟಪಟ್ಟು ಒಂದು ದಿನಕ್ಕಿಂತ ಹೆಚ್ಚು ಆಮ್ಲಜನಕದಲ್ಲಿರಬೇಕಾಗುತ್ತದೆ. ಆಮೇಲೆ ಮೂಗು ಸೋರುವುದು, ಕಫದ ಕೆಮ್ಮು. ಮಳೆಗಾಲ ಬೇಸಿಗೆ ಎನ್ನದೆ ವರ್ಷವಿಡೀ. ಕಿವಿಯಲ್ಲಿ ನೀರು ನಿಂತು ಕೇಳಿಸುವುದು ಕಡಿಮೆಯಾಗುತ್ತದೆ. ಮನೆಯವರು ಮೊಸರು, ಬಾಳೆಹಣ್ಣು ಬಿಡಿಸುತ್ತಾರೆ. ವೈದ್ಯರು ಅಲರ್ಜಿ ಎನ್ನುತ್ತಾರೆ, ಆಸ್ತಮಾ ಎನ್ನುತ್ತಾರೆ. ಕ್ಷಯ ಹೆಚ್ಚಿರುವ ನಮ್ಮಲ್ಲಿ ಆ ಶಂಕೆ ಬರುವುದು ಸಹಜ, ಪರೀಕ್ಷಿಸಲೂ ಬೇಕು. ಆದರೆ ರೋಗಾಣು ಸಿಗದೆ, ಔಷಧಿಗೂ ಬಗ್ಗದೆ ಇದ್ದಾಗ ಮತ್ತೆ ಅದೇ ಗುಳಿಗೆ ಕೊಡುವುದು ಸರಿಯಲ್ಲ.

ಲೋಮಾಂಗ ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ಹಿಂದೆ ಮೂಗಿನೊಳಗೆ ಸ್ಯಾಕರಿನ್ ಚೂರು ಇಟ್ಟು ನಾಲಿಗೆಗೆ ಸಿಹಿ ತಿಳಿಯಲು ಎಷ್ಟು ಹೊತ್ತು ಬೇಕೆಂದು ನೋಡುತ್ತಿದ್ದರು. ಸೀನದೆ, ಮೂಗೆಳೆಯದೆ ಕೂರುವ ಮಗು ಎಲ್ಲಿದೆ? ಈಗ ಐದು ವರ್ಷ ದಾಟಿದ ಮಕ್ಕಳಲ್ಲಿ ಮೂಗಿನ ನೈಟ್ರಿಕ್ ಆಕ್ಸೈಡ್ ಅನಿಲವನ್ನು ಅಳೆಯುತ್ತಾರೆ. ಪಿಸಿಡಿಯಲ್ಲಿ ಅದು ಸಾಮಾನ್ಯವಾಗಿ ತೀರಾ ಕಡಿಮೆ. ಆಮೇಲೆ ಸಣ್ಣ ಬ್ರಷ್‌ನಿಂದ ಮೂಗಿನ ಒಳಪದರದ ಕೋಶಗಳನ್ನು ತೆಗೆದು, ಲೋಮಾಂಗ ಬೀಸುವುದನ್ನು ವೇಗದ ಕ್ಯಾಮೆರಾದಲ್ಲಿ ಚಿತ್ರಿಸುತ್ತಾರೆ. ನೆಗಡಿಯಾಗಿ ಕೆಲವು ವಾರ ಕಳೆದ ಮೇಲೇ ಇದನ್ನು ಮಾಡಬೇಕು. ಸೋಂಕು ಒಳ್ಳೆಯ ಲೋಮಾಂಗವನ್ನೂ ಕೆಡಿಸಿರುತ್ತದೆ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ರಚನೆ ಸರಿಯಾಗಿಯೇ ಕಾಣುವ ರೋಗಿಗಳೂ ಇದ್ದಾರೆ. ಐವತ್ತಕ್ಕೂ ಹೆಚ್ಚು ವಂಶವಾಹಿಗಳು ಈಗ ಗೊತ್ತಿರುವುದರಿಂದ ರಕ್ತದ ಜೀನ್ ಪರೀಕ್ಷೆ ಬಹಳ ಸಲ ದಾರಿ ತೋರುತ್ತದೆ. ಅಪ್ಪ ಅಮ್ಮ ಇಬ್ಬರಲ್ಲೂ ಒಂದೇ ವಂಶವಾಹಿಯ ಒಂದೊಂದು ದೋಷದ ಪ್ರತಿ ಇದ್ದರೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಸಾಧ್ಯತೆ. ಸೋದರಮಾವ, ಅತ್ತೆಯ ಮಗ ಎಂದು ಸಂಬಂಧದಲ್ಲೇ ಮದುವೆಯಾಗುವ ನಮ್ಮ ಕುಟುಂಬಗಳಲ್ಲಿ ಇಬ್ಬರಲ್ಲೂ ಅದೇ ದೋಷ ಇರುವ ಸಾಧ್ಯತೆ ಹೆಚ್ಚು.

ಲೋಮಾಂಗವನ್ನು ಸರಿಪಡಿಸುವ ಮದ್ದು ಇಲ್ಲ. ಆದರೆ ದೇಹಕ್ಕೆ ಲೋಳೆ ಹೊರಹಾಕುವ ಎರಡನೇ ದಾರಿಯೊಂದಿದೆ, ಕೆಮ್ಮು. ಆದ್ದರಿಂದ ಕೆಮ್ಮು ಅಡಗಿಸುವ ಸಿರಪ್ಪು ಈ ಮಕ್ಕಳಿಗೆ ಖಂಡಿತ ಬೇಡ. ದಿನಕ್ಕೆರಡು ಸಲ ಫಿಸಿಯೋಥೆರಪಿಯಿಂದ ಕಫ ತೆಗೆಯುವುದು, ವ್ಯಾಯಾಮ, ಮೂಗನ್ನು ಉಪ್ಪುನೀರಿನಿಂದ ತೊಳೆಯುವುದು, ಲಸಿಕೆಗಳು, ಬೀಡಿ ಸಿಗರೇಟಿನ ಹೊಗೆಯಿಂದ ದೂರ, ಸೋಂಕಾದಾಗ ಕಫ ಪರೀಕ್ಷೆಗೆ ತಕ್ಕ ಆಂಟಿಬಯಾಟಿಕ್, ಕಿವಿ ಕೇಳಿಸುತ್ತಿದೆಯೇ ಎಂದು ಆಗಾಗ ನೋಡುವುದು: ಚಿಕಿತ್ಸೆಯೆಂದರೆ ಇಷ್ಟೇ. ಶ್ವಾಸನಾಳ ಹಿಗ್ಗಿ ಹಾಳಾಗುವ ಮೊದಲೇ ಶುರುವಾದರೆ ಇದು ಶ್ವಾಸಕೋಶವನ್ನು ಬಹುಮಟ್ಟಿಗೆ ಕಾಯುತ್ತದೆ.

ವೈದ್ಯಕೀಯ, ಜೀವವಿಜ್ಞಾನ ಓದುತ್ತಿರುವ ಹುಡುಗ ಹುಡುಗಿಯರು ಈ ಕಾಯಿಲೆಯನ್ನು ಅಧ್ಯಯನಕ್ಕೆ ಎತ್ತಿಕೊಳ್ಳಬೇಕು. ಸಂಬಂಧದ ಮದುವೆಗಳಿರುವ ನಮ್ಮ ನಾಡಿನಲ್ಲಿ ಹುಡುಕಿದರೆ ಸಿಗುವುದು ಬಹಳ ಇದೆ. ತಾಯಿ ತಂದೆಯರಲ್ಲಿ ನನ್ನದೊಂದೇ ಕೋರಿಕೆ: ಮಗುವಿಗೆ ಹುಟ್ಟಿದಾಗಿನಿಂದ ವರ್ಷವಿಡೀ ಮೂಗೂ ಸೋರುತ್ತ, ಕಫದ ಕೆಮ್ಮೂ ಇದ್ದರೆ ಎರಡನ್ನೂ ಒಬ್ಬರೇ ವೈದ್ಯರ ಮುಂದೆ ಹೇಳಿ, ಹೆರಿಗೆ ಆಸ್ಪತ್ರೆಯ ಕಾಗದವನ್ನೂ ತೋರಿಸಿ, ‘ಪಿಸಿಡಿ ಇರಬಹುದೇ?’ ಎಂದು ಬಾಯಿಬಿಟ್ಟು ಕೇಳಿ.