ನಿಲ್ದಾಣದ ನೆತ್ತಿಯ ಮೇಲೆ ಮನೆ

ತೊಗರಿ ಸುಗ್ಗಿಯಲ್ಲಿ ಕಲಬುರಗಿಯ ನೆಹರು ಗಂಜ್ ನೋಡಬೇಕು. ಚೀಲ ಹೇರಿಕೊಂಡು ಬಂದ ಲಾರಿ, ಟ್ರ್ಯಾಕ್ಟರುಗಳ ಸಾಲು. ಆಡತ್ ಅಂಗಡಿಗಳ ಮುಂದೆ ರಾಶಿ, ರಾಶಿಯ ಸಂದಿಯಲ್ಲೇ ದಾರಿ ಮಾಡಿಕೊಂಡು ಚೀಲ ಹೊತ್ತು ಓಡಾಡುವ ಹಮಾಲರು. ಕಮಲಾಪುರ, ಹುಮನಾಬಾದ್ ಕಡೆಯ ವಾಹನಗಳೂ ಊರಿನ ಈ ಮಗ್ಗುಲಿನಿಂದಲೇ ಹೋಗಬೇಕು. ನೆಲದ ಮೇಲೆ ಕಾಲಿಡಲು ಜಾಗವಿಲ್ಲ, ತಲೆ ಎತ್ತಿದರೆ ಒಂದೆರಡು ಮಾಳಿಗೆಯಾಚೆ ಬರೀ ಆಕಾಶ.

2011ರ ಜನಗಣತಿಯಲ್ಲೇ ಕಲಬುರಗಿ ನಗರದ ಜನಸಂಖ್ಯೆ ಸುಮಾರು 5.3 ಲಕ್ಷ. ಊರು ಬೆಳೆಯುತ್ತಿರುವುದು ಹೊಲಗಳ ಕಡೆಗೆ. ಸುತ್ತಲೂ ಇಷ್ಟೊಂದು ಬಯಲಿರುವಾಗ ಭೂಮಿಯ ಕೊರತೆ ಎಲ್ಲಿ ಬಂತು ಎಂದು ಯಾರಾದರೂ ಕೇಳಬಹುದು. ಕೊರತೆ ಇರುವುದು ದುಡಿಮೆಯ ಜಾಗಕ್ಕೆ ನಡೆದು ಹೋಗುವಷ್ಟು ಹತ್ತಿರದ ಭೂಮಿಗೆ. ಅಂಥ ಭೂಮಿಯ ದೊಡ್ಡ ತುಂಡುಗಳು ಬಸ್ ನಿಲ್ದಾಣ, ಡಿಪೋ, ರೈಲು ನಿಲ್ದಾಣಗಳ ವಶದಲ್ಲಿವೆ. ಬಸ್ಸಿಗೆ ಬೇಕಾದದ್ದು ನೆಲ ಮತ್ತು ಅದರ ಮೇಲಿನ ಐದಾರು ಮೀಟರ್ ಎತ್ತರ ಮಾತ್ರ. ಉಳಿದ ಎತ್ತರವನ್ನು ನಾವು ಬಳಸುತ್ತಲೇ ಇಲ್ಲ.

ಈ ಎತ್ತರಕ್ಕೂ ಬೆಲೆಯಿದೆ ಎಂಬುದನ್ನು ಜಗತ್ತಿಗೆ ತೋರಿಸಿದ್ದು ಒಂದು ದುರಂತ. 1902ರ ಜನವರಿಯಲ್ಲಿ ನ್ಯೂಯಾರ್ಕಿನ ಪಾರ್ಕ್ ಅವೆನ್ಯೂ ಸುರಂಗದಲ್ಲಿ ಉಗಿಬಂಡಿಗಳ ಹೊಗೆ ತುಂಬಿ ಸಿಗ್ನಲ್ ಕಾಣದೆ ಎರಡು ರೈಲುಗಳು ಡಿಕ್ಕಿಯಾಗಿ 15 ಜನ ಸತ್ತರು. ಆಮೇಲೆ ಮ್ಯಾನ್‌ಹಟನ್‌ನಲ್ಲಿ ಉಗಿ ಎಂಜಿನ್‌ಗಳನ್ನು ಕಾನೂನೇ ನಿಷೇಧಿಸಿತು. ರೈಲ್ವೆಯ ಎಂಜಿನಿಯರ್ ವಿಲಿಯಂ ವಿಲ್ಗಸ್ ಇದರಲ್ಲಿ ಇನ್ನೊಂದು ದಾರಿ ಕಂಡರು. ವಿದ್ಯುತ್ ರೈಲಿಗೆ ಹೊಗೆಯಿಲ್ಲ, ಹೊಗೆಯಿಲ್ಲದಿದ್ದರೆ ಹಳಿಗಳ ಮೇಲೆ ಮುಚ್ಚಿಗೆ ಹಾಕಬಹುದು, ಮುಚ್ಚಿಗೆಯ ಮೇಲೆ ಕಟ್ಟಡ ಎಬ್ಬಿಸಿ ಬಾಡಿಗೆ ಪಡೆಯಬಹುದು, ಆ ಬಾಡಿಗೆಯಿಂದ ವಿದ್ಯುದೀಕರಣದ ಖರ್ಚು ತೀರಿಸಬಹುದು. 1913ರಲ್ಲಿ ತೆರೆದ ಗ್ರ್ಯಾಂಡ್ ಸೆಂಟ್ರಲ್ ನಿಲ್ದಾಣ ಮತ್ತು ಅದರ ಸುತ್ತ ಹಳಿಗಳ ಮೇಲೆಯೇ ಎದ್ದ ಕಟ್ಟಡಗಳು ಈ ಲೆಕ್ಕಾಚಾರದ ಫಲ. ಹಾಂಕಾಂಗ್ ಇದನ್ನೇ ನಗರದ ನೀತಿಯಾಗಿ ಮಾಡಿಕೊಂಡಿತು. ಅಲ್ಲಿನ ಮೆಟ್ರೊದ ಮೊದಲ ಮಾರ್ಗ 1979ರಲ್ಲಿ ಶುರುವಾಯಿತು. ಕೌಲೂನ್ ಬೇ ಡಿಪೋದ ಮಾಡಿನ ಮೇಲೆ ಟೆಲ್ಫರ್ಡ್ ಗಾರ್ಡನ್ಸ್ ಎಂಬ ವಸತಿ ಬಡಾವಣೆಯೇ ಎದ್ದಿತು. ನಮ್ಮವರು ಮುಂಬೈಗೆ ಹೋದಾಗ ನವಿ ಮುಂಬೈಯ ವಾಶಿಯಲ್ಲಿ ರೈಲು ನಿಲ್ದಾಣಕ್ಕೆ ಅಂಟಿಕೊಂಡೇ ಎದ್ದಿರುವ ಕಚೇರಿಗಳನ್ನು ನೋಡಿರುತ್ತಾರೆ.

ಕರ್ನಾಟಕದ ಉದಾಹರಣೆ ಬೆಂಗಳೂರಿನಲ್ಲಿದೆ. ಕೇಂದ್ರದ ನಗರ ನವೀಕರಣ ಯೋಜನೆಯಾದ ‘ನರ್ಮ್’ನ ನೆರವಿನಿಂದ ಬಿಎಂಟಿಸಿ ಶಾಂತಿನಗರ, ಯಶವಂತಪುರ, ಜಯನಗರ, ವಿಜಯನಗರ, ದೊಮ್ಮಲೂರು ಮುಂತಾದ ಕಡೆ ‘ಟಿಟಿಎಂಸಿ’ ಎಂಬ ಸಂಚಾರ ಮತ್ತು ಸಾರಿಗೆ ನಿರ್ವಹಣಾ ಕೇಂದ್ರಗಳನ್ನು ಕಟ್ಟಿತು. ಕೆಳಗೆ ಬಸ್ಸು, ಮೇಲೆ ಅಂಗಡಿ, ಕಚೇರಿ, ಕಾರು-ಬೈಕುಗಳ ನಿಲುಗಡೆ. ಶಾಂತಿನಗರದ ಮಹಡಿಗಳಲ್ಲಿ ಸರ್ಕಾರಿ ಕಚೇರಿಗಳು ಬಾಡಿಗೆಗಿವೆ. ಸಾರಿಗೆ ಸಂಸ್ಥೆಗೆ ಟಿಕೆಟ್ಟಿನ ಹೊರಗೆ ಒಂದು ವರಮಾನ ಸಿಕ್ಕಿತು, ಅದು ಸಣ್ಣ ಮಾತಲ್ಲ. ಆದರೆ ಅಲ್ಲಿ ಮನೆಗಳಿಲ್ಲ. ಬಸ್ಸಿಗಾಗಿ ಕಟ್ಟಿದ ಜಾಗದಲ್ಲಿ ಕಾರಿಗೆ ಅಷ್ಟೊಂದು ನೆಲ ಬಿಟ್ಟುಕೊಟ್ಟದ್ದು ನನಗೆ ಇಂದಿಗೂ ನೋವಿನ ಸಂಗತಿ.

ಕಟ್ಟುವುದು ಸುಲಭವೇನಲ್ಲ. ವಾಸದ ಮನೆಯಲ್ಲಿ ನಾಲ್ಕೈದು ಮೀಟರಿಗೊಂದು ಕಂಬ ಸಾಕು. ಅದೇ ಕಂಬಗಳು ನೇರ ಕೆಳಗಿಳಿದರೆ 12 ಮೀಟರ್ ಉದ್ದದ ಬಸ್ಸು ತಿರುಗುವುದೆಲ್ಲಿ? ಆದ್ದರಿಂದ ನಿಲ್ದಾಣದ ಮಾಡಿನ ಮಟ್ಟದಲ್ಲಿ ಆಳೆತ್ತರದ ಭಾರೀ ತೊಲೆಗಳನ್ನು ಹಾಯಿಸುತ್ತಾರೆ. ಮೇಲಿನ ಹತ್ತಾರು ಕಂಬಗಳ ಭಾರವನ್ನು ಈ ತೊಲೆಗಳು ಹೊತ್ತು, ದೂರ ದೂರ ನಿಂತ ಕೆಲವೇ ದಪ್ಪ ಕಂಬಗಳಿಗೆ ದಾಟಿಸುತ್ತವೆ. ರೈಲಿನಲ್ಲಿ ಇನ್ನೂ ಬಿಗಿ. ಭಾರತೀಯ ರೈಲ್ವೆಯ ಹೊಸ ಕಾಮಗಾರಿಯಲ್ಲಿ ಅಕ್ಕಪಕ್ಕದ ಎರಡು ಹಳಿದಾರಿಗಳ ನಡುರೇಖೆಗಳಿಗೆ 5.3 ಮೀಟರ್ ಅಂತರ. ಅದರ ನಡುವೆ ಕಂಬಕ್ಕೆ ಎಡೆಯಿಲ್ಲ, ಪ್ಲಾಟ್‌ಫಾರಮ್ಮಿನ ಮೇಲೆಯೇ ನಿಲ್ಲಿಸಬೇಕು. ಬೋಗಿ ಹಳಿ ತಪ್ಪಿ ಬಂದು ಗುದ್ದಿದರೂ ಆ ಕಂಬ ಬೀಳಬಾರದು.

ಇನ್ನು ನಡುಕ. ಚಕ್ರದಿಂದ ಹಳಿಗೆ, ಹಳಿಯಿಂದ ಜಲ್ಲಿಗೆ, ಮಣ್ಣಿಗೆ, ಕಂಬಕ್ಕೆ ಏರಿ ಮಲಗುವ ಕೋಣೆಯಲ್ಲಿ ಗುಂಯ್ ಎನ್ನುವ ಸದ್ದಾಗುತ್ತದೆ. ಲಂಡನ್ನಿನ ಸೇಂಟ್ ಜೇಮ್ಸ್ ಪಾರ್ಕ್ ಭೂಗತ ನಿಲ್ದಾಣದ ಮೇಲೆ 1960ರ ದಶಕದಲ್ಲಿ ಆಲ್ಬನಿ ಕೋರ್ಟ್ ಎಂಬ ವಸತಿ ಕಟ್ಟಡ ಕಟ್ಟುವಾಗ ಅದನ್ನು ರಬ್ಬರ್ ದಿಂಡುಗಳ ಮೇಲೆ ಕೂರಿಸಿದರು. ಮೆತ್ತನೆಯ ಆಸರೆಯ ಮೇಲೆ ಕುಳಿತ ಕಟ್ಟಡಕ್ಕೆ ತನ್ನದೇ ಒಂದು ನಿಧಾನದ ತೂಗಾಟವಿರುತ್ತದೆ. ನೆಲದ ಅದುರಿನ ವೇಗ ಆ ತೂಗಾಟದ ವೇಗದ ಸುಮಾರು 1.4 ಪಟ್ಟನ್ನು ಮೀರಿದರೆ ರಬ್ಬರ್ ಅದನ್ನು ಸೋಸತೊಡಗುತ್ತದೆ. ಅದಕ್ಕಿಂತ ಕಡಿಮೆಯಿದ್ದರೆ ಅದುರು ತಗ್ಗುವ ಬದಲು ಹೆಚ್ಚುತ್ತದೆ. ಹಾಗಾಗಿ ರಬ್ಬರ್ ಎಷ್ಟು ಮೆತ್ತಗಿರಬೇಕೆಂಬ ಲೆಕ್ಕ ತಪ್ಪುವಂತಿಲ್ಲ.

ಕಲಬುರಗಿಯ ಎರೆಭೂಮಿಯದು ಬೇರೆಯೇ ಹಟ. ತೊಗರಿಗೆ ಒಗ್ಗುವ ಈ ಕಪ್ಪು ಮಣ್ಣು ಮಳೆಯಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಿರಿಯುತ್ತದೆ. ಸುಮಾರು 3.5 ಮೀಟರ್ ಆಳಕ್ಕಿಳಿದರೆ ಋತುವಿನ ಈ ಏರಿಳಿತ ಬಹುಮಟ್ಟಿಗೆ ನಿಲ್ಲುತ್ತದೆ. ಸಣ್ಣ ಕಟ್ಟಡಗಳಿಗೆಂದು ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಬುಡದಲ್ಲಿ ಗಡ್ಡೆಯಂತೆ ಉಬ್ಬಿದ ಕಾಂಕ್ರೀಟ್ ಗೂಟಗಳನ್ನು ರೂಪಿಸಿದೆ. ಎತ್ತರದ ಕಟ್ಟಡಕ್ಕೆ ಇನ್ನೂ ಕೆಳಗಿನ ಗಟ್ಟಿ ಕಲ್ಲನ್ನೇ ಮುಟ್ಟಬೇಕು. ಇಷ್ಟು ಖರ್ಚು ಮಾಡಿ ಬುನಾದಿ ಹಾಕಿದ ಮೇಲೆ ಒಂದೇ ಅಂತಸ್ತು ಕಟ್ಟಿ ಬಿಡುವುದು ದುಂದು. ಒಂದಂತಸ್ತಿಗೆಂದು ಹಾಕಿದ ಬುನಾದಿಯ ಮೇಲೆ ಆಮೇಲೆ ಐದು ಏರಿಸುವುದು ಅಪಾಯ. ಮೇಲಿನ ಮಹಡಿಗಳ ತೀರ್ಮಾನ ಮೊದಲ ಗುಂಡಿ ತೋಡುವ ಮುಂಚೆಯೇ ಆಗಬೇಕು.

ಮೇಲೆ ಏನಿರಬೇಕು? ಗಂಜಿನವರಿಗೆ ಮೊದಲು ಹೊಳೆಯುವುದು ಉಗ್ರಾಣ. ಭಾರತೀಯ ಮಾನಕದ ಪ್ರಕಾರ ವಾಸದ ಕೋಣೆಯ ನೆಲ ಚದರ ಮೀಟರಿಗೆ ಸುಮಾರು 200 ಕಿಲೊ ಬಳಕೆಯ ಭಾರ ತಡೆಯಬೇಕು. ಚೀಲ ಪೇರಿಸುವ ಉಗ್ರಾಣದ ನೆಲಕ್ಕೆ ಈ ಲೆಕ್ಕ ಕನಿಷ್ಠ 750 ಕಿಲೊ, ಥಪ್ಪಿ ಎತ್ತರವಾದಷ್ಟೂ ಇನ್ನೂ ಹೆಚ್ಚು. ಉಗ್ರಾಣದ ಒಂದು ಮಹಡಿಯ ಸರಕಿನ ಭಾರಕ್ಕೆ ಮೂರು ಮಹಡಿ ಮನೆಗಳ ಬಳಕೆಯ ಭಾರವೂ ಸಾಟಿಯಾಗದು. ಗೋಡೆ, ಸ್ಲ್ಯಾಬುಗಳ ಸ್ವಂತ ತೂಕ ಬೇರೆ, ನಿಜ. ಆದರೂ ಚೀಲ ನೆಲದಲ್ಲೇ ಇರಲಿ, ಜನ ಮೇಲೇರಲಿ ಎಂದು ಲೆಕ್ಕವೇ ಹೇಳುತ್ತಿದೆ. ಹಮಾಲರ ಬೆನ್ನಿಗೂ ಅದೇ ಒಳಿತು.

ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದ ಕೇಂದ್ರ ಕಚೇರಿ ಕಲಬುರಗಿಯಲ್ಲೇ ಇದೆ. ಬೀದರಿಗೆ ಹೋಗುವ ರೈಲುಮಾರ್ಗ 2017ರಲ್ಲಿ ತೆರೆದ ಮೇಲೆ ಕಮಲಾಪುರಕ್ಕೂ ರೈಲಿನ ನಂಟು ಬಂದಿದೆ. ಇನ್ನು ಮುಂದೆ ಇಲ್ಲಿ ಯಾವ ನಿಲ್ದಾಣವನ್ನು ಕೆಡವಿ ಹೊಸದಾಗಿ ಕಟ್ಟಿದರೂ, ನಕ್ಷೆಯಲ್ಲಿ ಮೇಲಿನ ನಾಲ್ಕೈದು ಮಹಡಿಗಳಿಗೆ ಈಗಲೇ ಕಂಬದ ಜಾಗ ಗುರುತಿಸಿ, ಅಷ್ಟಕ್ಕೂ ತಾಳುವ ಬುನಾದಿ ಹಾಕಬೇಕು. ಆ ಮಹಡಿಗಳಲ್ಲಿ ಮೊದಲ ಪಾಲು ಹಮಾಲರ, ಬಸ್ ಸಿಬ್ಬಂದಿಯ ಕುಟುಂಬಗಳಿಗೆ ಮತ್ತು ಹಳ್ಳಿಗಳಿಂದ ಓದಲು ಬರುವ ಹೆಣ್ಣುಮಕ್ಕಳ ವಸತಿನಿಲಯಕ್ಕೆ ಸಲ್ಲಬೇಕು. ಕಾರು ನಿಲುಗಡೆಗೆ ಒಂದು ಮಹಡಿಯನ್ನೂ ಕೊಡಬಾರದು.