ಸಲಗಗಳಿಗೂ ಸಂಗ ಬೇಕು

ಆನೆಹಿಂಡು ಎಂದರೆ ಹೆಣ್ಣುಗಳ ಸಂಸಾರ. ಅಜ್ಜಿ, ಹೆಣ್ಣುಮಕ್ಕಳು, ಮೊಮ್ಮಕ್ಕಳು ಜತೆಯಾಗಿಯೇ ಮೇಯುತ್ತವೆ. ಹಿರಿಯ ಹೆಣ್ಣಾನೆ ಹಿಡಿದ ದಾರಿಯೇ ಉಳಿದವುಗಳ ದಾರಿ. ಗಂಡುಮರಿಗೆ ಈ ಮನೆಯ ಋಣ ಸುಮಾರು 10–15 ವರ್ಷದ್ದು. ಹರೆಯಕ್ಕೆ ಬರುತ್ತಿದ್ದಂತೆ ಅದು ತಾಯಿಯಿಂದ ದೂರ ದೂರ ಮೇಯತೊಡಗಿ, ಕೊನೆಗೆ ಹಿಂಡನ್ನೇ ಬಿಡುತ್ತದೆ.

ಆಮೇಲೆ ಅದರದು ಒಂಟಿ ಬಾಳು ಎಂದೇ ಬಹುಕಾಲ ನಂಬಲಾಗಿತ್ತು. ಬೆಂಗಳೂರಿನ ಸಂಶೋಧಕ ನಿಶಾಂತ್ ಶ್ರೀನಿವಾಸಯ್ಯ ಮತ್ತು ಸಂಗಡಿಗರು ಈ ನಂಬಿಕೆಯನ್ನು ಒರೆಗೆ ಹಚ್ಚಿದರು. ದಕ್ಷಿಣ ಭಾರತದ ಕಾಡು ಮತ್ತು ಹೊಲಗಳಲ್ಲಿ ತೆಗೆದ ಚಿತ್ರಗಳಿಂದ 248 ಗಂಡಾನೆಗಳನ್ನು ಒಂದೊಂದಾಗಿ ಗುರುತಿಸಿದರು. ಕಿವಿಯಂಚಿನ ಹರುಕು, ದಂತದ ಬಾಗು, ಬಾಲದ ಕೂದಲು ಹೀಗೆ ಗುರುತಿಸಲು ನೆರವಾಗುತ್ತವೆ. 2019ರಲ್ಲಿ ಪ್ರಕಟವಾದ ಈ ಅಧ್ಯಯನದ ಪ್ರಕಾರ, ಬೇಸಾಯದ ಸೀಮೆಗಳಲ್ಲಿ ಹರೆಯದ ಗಂಡುಗಳು ದೊಡ್ಡ ಗುಂಪು ಕಟ್ಟಿಕೊಂಡು, ದೀರ್ಘಕಾಲ ಜತೆಗಿರುತ್ತವೆ.

ಅಪಾಯದ ಜಾಗಕ್ಕೆ ಅವು ಬರುವುದೇಕೆ? ಕಾಡಿನ ಒರಟು ಹುಲ್ಲಿಗಿಂತ ತೆನೆಗಟ್ಟಿದ ರಾಗಿಯಲ್ಲಿ, ಕಬ್ಬಿನಲ್ಲಿ ಪೋಷಕಾಂಶ ಹೆಚ್ಚು. ಹೆಣ್ಣಿಗಾಗಿ ನಡೆಯುವ ಪೈಪೋಟಿಯಲ್ಲಿ ದೊಡ್ಡ ಮೈಯ ಗಂಡಿಗೆ ಮೇಲುಗೈ. ಹಾಗಾಗಿ ಮೈ ಬೆಳೆಸಿಕೊಳ್ಳಲು ಗಂಡು ಪ್ರಾಣವನ್ನೇ ಪಣಕ್ಕಿಡುತ್ತದೆ. ಮರಿಗಳಿರುವ ಹಿಂಡು ಅಷ್ಟು ಸುಲಭವಾಗಿ ಹೊಲಕ್ಕಿಳಿಯುವುದಿಲ್ಲ. ಪಟಾಕಿ, ವಿದ್ಯುತ್ ಬೇಲಿ, ಹೆದ್ದಾರಿಗಳ ನಡುವೆ ಎಳೆಯ ಗಂಡಿಗೆ ಜತೆಗಾರರಿದ್ದರೆ ಬದುಕುಳಿಯುವುದು ಸುಲಭ.

ಜತೆಗಾರರಲ್ಲಿ ಹಿರಿಯ ಸಲಗಗಳಿದ್ದರೆ ಇನ್ನೊಂದು ಲಾಭವೂ ಇದೆ. ಪ್ರಾಯದ ಸಲಗಕ್ಕೆ ಆಗಾಗ ಮದವೇರುತ್ತದೆ: ಕಣ್ಣು–ಕಿವಿಗಳ ನಡುವಿನ ಗ್ರಂಥಿ ಒಸರುತ್ತದೆ, ಟೆಸ್ಟೋಸ್ಟಿರೋನ್ ಹಲವು ಪಟ್ಟು ಹೆಚ್ಚುತ್ತದೆ, ಆನೆ ಸಣ್ಣದಕ್ಕೂ ಕೆರಳುತ್ತದೆ. ದೊಡ್ಡ ಸಲಗವೊಂದು ಎದುರು ನಿಂತರೆ ಕಿರಿಯದರ ಮದ ಬೇಗ ಇಳಿಯುತ್ತದೆ.

ಹಿರಿಯರೇ ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ದಕ್ಷಿಣ ಆಫ್ರಿಕಾದ ಪಿಲಾನ್ಸ್‌ಬರ್ಗ್ ರಾಷ್ಟ್ರೀಯ ಉದ್ಯಾನ ತೋರಿಸಿತು. ಕ್ರೂಗರ್ ಕಾಡಿನಲ್ಲಿ ಆನೆಗಳ ಸಂಖ್ಯೆ ತಗ್ಗಿಸಲು ದೊಡ್ಡವನ್ನು ಕೊಂದು, ಅನಾಥ ಮರಿಗಳನ್ನು ಪಿಲಾನ್ಸ್‌ಬರ್ಗ್‌ಗೆ ತಂದು ಬಿಡಲಾಗಿತ್ತು. ಬೆಳೆದ ಗಂಡುಗಳಿಗೆ ವಯಸ್ಸಿಗೆ ಮುಂಚೆಯೇ ಮದವೇರಿತು. 1992ರಿಂದ 1997ರೊಳಗೆ 40ಕ್ಕೂ ಹೆಚ್ಚು ಬಿಳಿ ಘೇಂಡಾಮೃಗಗಳು ಅವುಗಳಿಗೆ ಬಲಿಯಾದವು. 1998ರಲ್ಲಿ ಕ್ರೂಗರ್‌ನಿಂದಲೇ ಆರು ಹಿರಿಯ ಸಲಗಗಳನ್ನು ತಂದು ಬಿಟ್ಟ ಮೇಲೆ ಕಿರಿಯವುಗಳ ಮದದ ಅವಧಿ ಕುಗ್ಗಿತು, ಕೊಲೆಗಳು ನಿಂತವು.

ದೇಶದಲ್ಲೇ ಅತಿ ಹೆಚ್ಚು ಆನೆಗಳಿರುವ ಕರ್ನಾಟಕಕ್ಕೆ ಈ ಅರಿವು ತುರ್ತಾಗಿ ಬೇಕಾಗಿದೆ. ಬೆಳೆ ತಿನ್ನುವ ಸಲಗವನ್ನು ಹಿಡಿದು ದೂರದ ಕಾಡಿಗೆ ಬಿಡಿ ಎಂಬ ಕೂಗು ಪ್ರತಿ ಸುಗ್ಗಿಯಲ್ಲೂ ಏಳುತ್ತದೆ. ಬೆಳೆ ಕಳೆದುಕೊಂಡ ರೈತನ ಸಂಕಟ ನಿಜ. ಆದರೆ ಶ್ರೀಲಂಕಾದಲ್ಲಿ ಹೀಗೆ ಸಾಗಿಸಿದ ಸಲಗಗಳ ಜಾಡು ಹಿಡಿದಾಗ, ಕೆಲವು ಹಳೆಯ ಜಾಗಕ್ಕೇ ಮರಳಿದವು, ಕೆಲವು ಅಲೆದಾಡುತ್ತ ಹೊಸ ಊರುಗಳಲ್ಲಿ ಹಾವಳಿ ಎಬ್ಬಿಸಿದವು. ಹಾಸನ, ಕೊಡಗಿನಲ್ಲಿ ಆನೆಗಳಿಗೆ ರೇಡಿಯೊ ಕಾಲರ್ ತೊಡಿಸಿ, ಅವು ಎಲ್ಲಿವೆಯೆಂದು ಊರಿನವರ ಮೊಬೈಲಿಗೆ ಮೊದಲೇ ತಿಳಿಸುವ ಕೆಲಸ ನಡೆದಿದೆ. ಯಾವ ಸಲಗದ ಬೆನ್ನಿಗೆ ಯಾವ ಕಿರಿಯವು ಇವೆ ಎಂಬುದನ್ನೂ ಅದರ ಜತೆಗೇ ದಾಖಲಿಸಿದರೆ, ಹಿಡಿಯುವ ನಿರ್ಧಾರಕ್ಕೆ ಮುನ್ನ ಅದರ ಪರಿಣಾಮವನ್ನು ಅಂದಾಜಿಸಬಹುದು.