ಅಪ್ಪನ ಪಂಚೆ, ನನ್ನ ಕಾರು ಮತ್ತು ಒಂದು ಡಬ್ಬಿ ವ್ಯಾಕ್ಸ್

ಯುಗಾದಿಗೆ ಮನೆಗೆ ಬಂದ ಕಾರಿಗೆ ಆಗ ಐದು ತಿಂಗಳು. ಗೌರಿ ಹಬ್ಬದ ಹಿಂದಿನ ವಾರ, ಆಫೀಸ್ ಮುಗಿಸಿ ಬರುವಾಗ ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿದ್ದೆ. ಮೇಲಿನ ಬಿಳಿ ದೀಪದ ಬೆಳಕು ಬಾನೆಟ್ ಮೇಲೆ ಬಿದ್ದಿತ್ತು. ಆ ಬೆಳಕಿನ ಸುತ್ತ ಜೇಡ ಬಲೆ ನೇಯ್ದ ಹಾಗೆ ಸಣ್ಣ ಸಣ್ಣ ಗೆರೆಗಳು. ಬೆರಳಿಟ್ಟು ಒರೆಸಿದೆ, ಹೋಗಲಿಲ್ಲ. ಡೋರ್ ಮೇಲೆ ನೋಡಿದರೆ ಅಲ್ಲೂ ಅದೇ. ನನ್ನ ಕಡುನೀಲಿ ಕಾರು, ಏಳು ವರ್ಷದ ಸಾಲ, ಇನ್ನೂ 79 ಕಂತು ಬಾಕಿ. ಹೊಟ್ಟೆಯಲ್ಲಿ ಏನೋ ಕಿವುಚಿದ ಹಾಗಾಯ್ತು.

ಯಾರ ಕೆಲಸ ಅಂತ ತಕ್ಷಣ ಗೊತ್ತಾಯ್ತು. ನಮ್ಮಪ್ಪನದು.

ಅಪ್ಪ 31 ವರ್ಷ ಬಸ್ ಓಡಿಸಿದವರು. ಸ್ವಂತಕ್ಕೆ ಅಂತ ನಾಲ್ಕು ಚಕ್ರದ ಗಾಡಿ ಕಂಡವರಲ್ಲ. ನಿವೃತ್ತಿಯಾಗಿ ಹಾಸನದಿಂದ ಬೆಂಗಳೂರಿಗೆ ನನ್ನ ಜೊತೆ ಇರೋಕೆ ಬಂದ ಮೇಲೆ ಅವರಿಗೆ ಸಿಕ್ಕ ದೊಡ್ಡ ಕೆಲಸ ಅಂದ್ರೆ ಈ ಕಾರು. ಬೆಳಗ್ಗೆ ಆರಕ್ಕೆ, ಕಾಫಿಗೂ ಮೊದಲು, ಹಳೇ ಪಂಚೆಯ ತುಂಡು ಹಿಡಿದು ಇಳಿಯುತ್ತಿದ್ದರು. ಹೊಂಗೆ ಮರದ ಕೆಳಗೆ ರಾತ್ರಿಯಿಡೀ ಬಿದ್ದ ಧೂಳನ್ನೆಲ್ಲ ಒಣಗಿದ ಬಟ್ಟೆಯಲ್ಲೇ ಗಸಗಸ ಒರೆಸಿ, ಎರಡು ಹೆಜ್ಜೆ ಹಿಂದೆ ನಿಂತು ನೋಡಿ, ಆಮೇಲೆ ಒಳಗೆ ಬರೋರು.

ಆ ರಾತ್ರಿ ನಾನು ಗೇಟಿನಲ್ಲೇ ಶುರು ಮಾಡಿದೆ. "ಅಪ್ಪ, ಬಣ್ಣ ಎಲ್ಲಾ ಗೀರಿ ಹಾಕಿದ್ದೀರಾ. ಯಾರು ಹೇಳಿದ್ರು ನಿಮಗೆ ದಿನಾ ಒರೆಸಿ ಅಂತ? ಇನ್ಮೇಲೆ ದಯವಿಟ್ಟು ಗಾಡಿ ಮುಟ್ಬೇಡಿ." ಪಕ್ಕದ ಮನೆಯವರು ಬಾಗಿಲಲ್ಲೇ ಇದ್ದರು. ಅಪ್ಪ "ಸರಿ ಬಿಡಮ್ಮ" ಅಂದರು, ಅಷ್ಟೇ.

ಮಾರನೇ ದಿನದಿಂದ ಕಾರಿನ ಹತ್ತಿರ ಹೋಗಲಿಲ್ಲ. ನಾಲ್ಕನೇ ದಿನ ಅಮ್ಮ ಅಡುಗೆಮನೆಯಲ್ಲಿ ಮೆಲ್ಲಗೆ ಹೇಳಿದಳು: "ಈಗಲೂ ಆರಕ್ಕೇ ಏಳ್ತಾರೆ. ಎದ್ದು ಏನ್ ಮಾಡ್ಬೇಕು ಅಂತ ಗೊತ್ತಾಗ್ದೆ ಸುಮ್ನೆ ಕೂತಿರ್ತಾರೆ ಕಣೇ."

ಕೋಪ ಇಳಿದ ಮೇಲೆ ನಾಚಿಕೆ ಬರುತ್ತದಲ್ಲ, ಅದು ಬಂತು. ಕಾರಿನ ಬಣ್ಣದ ಬಗ್ಗೆ ನನಗೆ ತಾನೇ ಎಷ್ಟು ಗೊತ್ತಿತ್ತು? ಓದೋಕೆ ಶುರು ಮಾಡಿದೆ. ಒಂದು ಶನಿವಾರ ನಮ್ಮ ಏರಿಯಾದ ಸಣ್ಣ ಡೀಟೇಲಿಂಗ್ ಗ್ಯಾರೇಜಿಗೂ ಹೋದೆ.

ಕೂದಲೆಳೆಗಿಂತ ತೆಳು

ಕಾರಿನ ಬಣ್ಣ ಅಂದರೆ ಒಂದೇ ಪದರ ಅಲ್ಲ. ಉಕ್ಕಿನ ತಗಡಿನ ಮೇಲೆ ಮೊದಲು ತುಕ್ಕು ತಡೆಯುವ ಲೇಪನ, ಅದರ ಮೇಲೆ ಪ್ರೈಮರ್, ಅದರ ಮೇಲೆ ನಾವು ನೋಡಿ ಮೆಚ್ಚಿದ ಬಣ್ಣ, ಎಲ್ಲದರ ಮೇಲೆ ಗಾಜಿನಂಥ ಪಾರದರ್ಶಕ ಪದರ, ಅಂದರೆ ಕ್ಲಿಯರ್ ಕೋಟ್. ಸಾಮಾನ್ಯ ಕಾರಿನಲ್ಲಿ ಇವೆಲ್ಲ ಸೇರಿದರೂ 100ರಿಂದ 120 ಮೈಕ್ರಾನ್ ಆಸುಪಾಸು. ಅದರಲ್ಲಿ ಕ್ಲಿಯರ್ ಕೋಟಿನ ಪಾಲು 40 ಮೈಕ್ರಾನ್ ಸುತ್ತಮುತ್ತ. ನಮ್ಮ ತಲೆಕೂದಲು ಸುಮಾರು 70 ಮೈಕ್ರಾನ್ ದಪ್ಪ. ಬಿಸಿಲು, ಮಳೆ, ಧೂಳು ಎಲ್ಲದಕ್ಕೂ ಎದೆಯೊಡ್ಡಿ ನಿಂತಿರುವುದು ಕೂದಲಿಗಿಂತ ತೆಳುವಾದ ಒಂದು ಪೊರೆ.

ಧೂಳು ಅಂದರೆ ಬರೀ ಮಣ್ಣಲ್ಲ, ಅದರಲ್ಲಿ ಮರಳಿನ ಚೂರುಗಳಿರುತ್ತವೆ. ಒಣಬಟ್ಟೆ ಹಾಕಿ ಉಜ್ಜಿದರೆ ನಯವಾದ ಉಪ್ಪು ಕಾಗದದಲ್ಲಿ ತಿಕ್ಕಿದ ಹಾಗೆ. ಹೀಗೆ ಮೂಡುವ ಗೆರೆಗಳಿಗೆ ಸ್ವರ್ಲ್ ಮಾರ್ಕ್ ಅಂತಾರೆ. ಬಿಳಿ ಕಾರಿನಲ್ಲಿ ಕಾಣಿಸುವುದು ಕಡಿಮೆ; ಕಪ್ಪು, ಕಡುನೀಲಿಯಲ್ಲಿ ಎದ್ದು ಕಾಣುತ್ತವೆ.

ಗ್ಯಾರೇಜಿನವರು ಟಾರ್ಚ್ ಹಿಡಿದು ಬಾನೆಟ್ ನೋಡಿದರು. "ಮೇಡಂ, ಎಲ್ಲಾ ಮನೆಯಲ್ಲೇ ಆಗಿದ್ದಲ್ಲ. ರಸ್ತೆ ಬದಿ ಫೋಮ್ ವಾಶ್ ಮಾಡಿಸ್ತೀರಾ?" ಅಂದರು. ತಿಂಗಳಿಗೆ ಎರಡು ಸಲ ಮಾಡಿಸುತ್ತಿದ್ದೆ. ಅಲ್ಲಿ ಬೆಳಗಿನಿಂದ ಹತ್ತು ಗಾಡಿ ಒರೆಸಿದ, ಚಕ್ರದ ಕೆಸರನ್ನೂ ಒರೆಸಿದ ಅದೇ ಬಟ್ಟೆಯಲ್ಲಿ ನನ್ನ ಬಾನೆಟ್ಟೂ ಒರೆಸಿಕೊಂಡಿತ್ತು. ನಾನು ಪಕ್ಕದಲ್ಲೇ ಕೂತು ಫೋನ್ ನೋಡುತ್ತಿದ್ದೆ. ಬೈಗುಳ ಮಾತ್ರ ಪೂರ್ತಿ ಅಪ್ಪನಿಗೆ ಸಿಕ್ಕಿತ್ತು.

ಶೋರೂಂನಲ್ಲಿ ಕೊಟ್ಟ 6,500

ಇನ್ನೊಂದು ತಪ್ಪೂ ನನ್ನದೇ. ಡೆಲಿವರಿ ದಿನ ಖುಷಿಯಲ್ಲಿದ್ದಾಗ "ಟೆಫ್ಲಾನ್ ಕೋಟಿಂಗ್ ಹಾಕಿಸಿಬಿಡಿ ಮೇಡಂ, ಆಮೇಲೆ ಚಿಂತೆ ಇಲ್ಲ" ಅಂದರು. 6,500 ರೂಪಾಯಿ ಕೊಟ್ಟೆ. ಎರಡು ತಿಂಗಳು ಮಿಂಚಿತು, ಆಮೇಲೆ ಮಾಮೂಲಿ.

ಟೆಫ್ಲಾನ್ ಅಂದರೆ ದೋಸೆ ತವಾದ ಮೇಲಿರುವ ಅದೇ ವಸ್ತು, ಪಿಟಿಎಫ್ಇ. ಅದು ಕರಗುವುದು ಸುಮಾರು 327 ಡಿಗ್ರಿ ಸೆಲ್ಸಿಯಸ್‌ನಲ್ಲಿ. ತವಾದ ಮೇಲೆ ಅದನ್ನು ಕೂರಿಸೋಕೆ ಅಷ್ಟು ಶಾಖ ಬೇಕು. ಕಾರಿನ ಬಣ್ಣಕ್ಕೆ ಅಷ್ಟು ಶಾಖ ಕೊಟ್ಟರೆ ಬಣ್ಣವೇ ಸುಟ್ಟುಹೋಗುತ್ತದೆ. ಹಾಗಾಗಿ ಶೋರೂಂ ಕೋಟಿಂಗ್ ಕೆಲಸ ಮಾಡುವುದು ಒಂದು ಒಳ್ಳೆಯ ಪಾಲಿಶ್ ಅಥವಾ ವ್ಯಾಕ್ಸ್ ಮಾಡುವಷ್ಟೇ. ಅದನ್ನು ಮನೆಯಲ್ಲಿ ಕೆಲವೇ ನೂರು ರೂಪಾಯಿಗೆ ಮಾಡಿಕೊಳ್ಳಬಹುದು.

ಇಲ್ಲಿ ಒಂದು ಗೊಂದಲ ಬಗೆಹರಿಸಿಕೊಳ್ಳಿ. ಪಾಲಿಶ್ ಬೇರೆ, ವ್ಯಾಕ್ಸ್ ಬೇರೆ. ಪಾಲಿಶ್ ಮತ್ತು ರಬ್ಬಿಂಗ್ ಕಾಂಪೌಂಡ್ ಕ್ಲಿಯರ್ ಕೋಟನ್ನೇ ಸ್ವಲ್ಪ ಸವೆಸಿ ಗೆರೆ ತೆಗೆಯುತ್ತವೆ. ಸವೆದದ್ದು ವಾಪಸ್ ಬರಲ್ಲ. ವ್ಯಾಕ್ಸ್ ಏನನ್ನೂ ತೆಗೆಯುವುದಿಲ್ಲ, ಮೇಲೊಂದು ತೆಳು ಪದರ ಕೂರಿಸುತ್ತದೆ. ಹೊಸ ಕಾರಿಗೆ ಪದೇ ಪದೇ ಪಾಲಿಶ್ ಮಾಡಿಸುವುದು ಲಾಭವಲ್ಲ, ನಷ್ಟ.

ಕಾರ್ನುಬಾ ವ್ಯಾಕ್ಸ್ ಬರುವುದು ಬ್ರೆಜಿಲ್‌ನ ಈಶಾನ್ಯ ಭಾಗದಲ್ಲಿ ಬೆಳೆಯುವ ಒಂದು ಜಾತಿಯ ತಾಳೆ ಎಲೆಯಿಂದ. ಬಿಸಿಲಿಗೆ ನೀರು ಆರಿಹೋಗದಂತೆ ಆ ಮರ ತನ್ನ ಎಲೆಗೆ ತಾನೇ ಬಳಿದುಕೊಳ್ಳುವ ಮೇಣ ಅದು. ಕೆಸುವಿನ ಎಲೆ ಮೇಲೆ ನೀರು ಮುತ್ತಾಗಿ ಉರುಳುವುದನ್ನು ನೋಡಿದ್ದೀರಲ್ಲ, ಅಲ್ಲೂ ಎಲೆಯ ಮೇಣದ್ದೇ ಕೆಲಸ. ನಮ್ಮ ಬಿಸಿಲು ಮಳೆಗೆ ಈ ವ್ಯಾಕ್ಸ್ ಒಂದೆರಡು ತಿಂಗಳು ಬಾಳುತ್ತದೆ. ಸಿಂಥೆಟಿಕ್ ಸೀಲೆಂಟ್ ಅದಕ್ಕಿಂತ ಹೆಚ್ಚು, ನಾಲ್ಕಾರು ತಿಂಗಳು. ಸರಿಯಾಗಿ ಹಾಕಿದ ಸೆರಾಮಿಕ್ ಕೋಟಿಂಗ್ ಎರಡು ಮೂರು ವರ್ಷ. ಕಲ್ಲಿನೇಟು ತಡೆಯಬೇಕು ಅಂದರೆ ಮಾತ್ರ ಪಿಪಿಎಫ್ ಎಂಬ ದಪ್ಪ ಫಿಲ್ಮ್. ಅದರ ಖರ್ಚು ನನ್ನ ಬಜೆಟ್ಟಿನ ಆಚೆಗಿತ್ತು.

ಹೊಸ ಗಾಡಿಗೆ ಮೂರು ತಿಂಗಳು ವ್ಯಾಕ್ಸ್ ಹಾಕಬಾರದು ಅಂತ ಹೇಳೋರಿದ್ದಾರೆ. ಕಾರ್ಖಾನೆಯಲ್ಲಿ ಬಣ್ಣವನ್ನು ಸುಮಾರು 140 ಡಿಗ್ರಿ ಶಾಖದಲ್ಲಿ ಬೇಯಿಸಿರುತ್ತಾರೆ. ಗಾಡಿ ನಿಮ್ಮ ಕೈಗೆ ಬರುವಾಗ ಅದು ಪೂರ್ತಿ ಗಟ್ಟಿಯಾಗಿರುತ್ತದೆ, ಮೊದಲ ವಾರವೇ ವ್ಯಾಕ್ಸ್ ಹಾಕಬಹುದು. ಕಾಯಬೇಕಾದ್ದು ಗಾಡಿ ಎಲ್ಲೋ ಗುದ್ದಿ, ಗ್ಯಾರೇಜಿನಲ್ಲಿ ಹೊಸದಾಗಿ ಬಣ್ಣ ಹೊಡೆಸಿದಾಗ. ಆ ಬಣ್ಣದ ಒಳಗಿನ ದ್ರಾವಕ ಆರಿಹೋಗಲು ಒಂದರಿಂದ ಮೂರು ತಿಂಗಳು ಬೇಕು.

ಒಂದು ಭಾನುವಾರ

ಎರಡು ಬಕೆಟ್, ಕಾರ್ ಶಾಂಪೂ, ಮೈಕ್ರೋಫೈಬರ್ ಬಟ್ಟೆ, ಸ್ಪಂಜು, ಒಂದು ಡಬ್ಬಿ ವ್ಯಾಕ್ಸ್. ಎಲ್ಲಾ ತಂದು ಪಡಸಾಲೆಯಲ್ಲಿಟ್ಟೆ. ಅಪ್ಪ ಪೇಪರ್ ಓದುತ್ತಿದ್ದರು.

"ಅಪ್ಪ, ನನಗೊಬ್ಬಳಿಗೇ ಆಗಲ್ಲ. ಬರ್ತೀರಾ?"

"ನಾನು ಮುಟ್ಟಬಾರದು ಅಂದಿದ್ಯಲ್ಲ."

"ತಪ್ಪಾಯ್ತು ಅಪ್ಪ. ಅರ್ಧ ಗೀರು ನಾನು ಮಾಡಿಸಿದ್ದು."

ಅವರು ಕನ್ನಡಕ ತೆಗೆದು ಪೇಪರ್ ಮಡಚಿದರು. "ಅದೇನು ಡಬ್ಬಿ, ಕೊಡು ನೋಡೋಣ" ಅಂದರು.

ನೀರಿನ ವಿಷಯದಲ್ಲಿ ಮೊದಲ ಪಾಠ ಅವರದ್ದೇ. ಬೋರ್‌ವೆಲ್ ನೀರು ಒಣಗಿದರೆ ಬಿಳಿ ಕಲೆ ಉಳಿಯುತ್ತದೆ. ಅದರಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಬಣ್ಣದ ಮೇಲೆ ಕೂರುತ್ತವೆ. ಕಾವೇರಿ ನೀರು ಹಾಕೋಣ ಅಂದರೆ ಮನಸ್ಸು ಒಪ್ಪಲ್ಲ. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರಲ್ಲಿ ವಾಹನ ತೊಳೆದರೆ 5,000 ರೂಪಾಯಿ ದಂಡ ಅಂತ ಆದೇಶ ಮಾಡಿದ್ದು ನೆನಪಿರಬಹುದು. "ಮೇಲೆ ಡ್ರಮ್ಮಲ್ಲಿ ಮಳೆ ನೀರು ಹಿಡಿದಿದ್ದೀನಲ್ಲ" ಅಂದರು ಅಪ್ಪ. ಮಳೆ ನೀರಲ್ಲಿ ಗಡಸುತನ ಇರುವುದಿಲ್ಲ, ಕಲೆಯೂ ಇಲ್ಲ. ಇಡೀ ಕಾರಿಗೆ ಎರಡು ಬಕೆಟ್, ಮೇಲೆ ಒಂದಷ್ಟು ಚೊಂಬು ಸಾಕಾಯ್ತು.

ನೆರಳಲ್ಲಿ ನಿಲ್ಲಿಸಿ, ಬಾನೆಟ್ ತಣ್ಣಗಾಗಿದೆಯಾ ಅಂತ ಕೈಯಿಟ್ಟು ನೋಡಿ ಶುರು ಮಾಡಿದೆವು. ಮೊದಲು ಬರೀ ನೀರು ಸುರಿದು ಧೂಳು ಇಳಿಸಿದ್ದಾಯ್ತು. ಒಂದು ಬಕೆಟ್ಟಿನಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಬರೀ ನೀರು. ಪ್ರತಿ ಸಲವೂ ಬಟ್ಟೆಯನ್ನು ಬರೀ ನೀರಲ್ಲಿ ಜಾಲಾಡಿ ಮಣ್ಣು ಬಿಡಿಸಿ, ಆಮೇಲೆ ಶಾಂಪೂಗೆ ಅದ್ದುವುದು. ಮೇಲಿಂದ ಕೆಳಗೆ, ಚಕ್ರ ಕೊನೆಗೆ, ಅದಕ್ಕೆ ಬೇರೆ ಬಟ್ಟೆ. ಪಾತ್ರೆ ಸೋಪು, ಬಟ್ಟೆ ಪುಡಿ ಬೇಡವೇ ಬೇಡ. ಅವು ವ್ಯಾಕ್ಸನ್ನೂ ತೊಳೆದುಬಿಡುತ್ತವೆ.

"ನಮ್ ಕಾಲದಲ್ಲಿ ಆಯುಧಪೂಜೆಗೆ ಬಸ್ಸಿಗೆ ಡೀಸೆಲ್ ಬಟ್ಟೆ ಹಾಕಿ ಒರೆಸ್ತಿದ್ವಿ. ಫಳಫಳ ಅನ್ನೋದು" ಅಂದರು ಅಪ್ಪ. ಆಮೇಲೆ ಅವರೇ ನಕ್ಕರು: "ಮಧ್ಯಾಹ್ನದ ಹೊತ್ತಿಗೆ ಊರಿನ ಧೂಳೆಲ್ಲ ಅದಕ್ಕೇ ಅಂಟಿರೋದು."

ತೊಳೆದು ಒತ್ತಿ ಒರೆಸಿದ ಮೇಲೆ ಬಣ್ಣದ ಮೇಲೆ ತೆಳು ಪ್ಲಾಸ್ಟಿಕ್ ಕವರ್ ಇಟ್ಟು ಸವರಿ ನೋಡಿದೆ. ತರಿತರಿ ಅನ್ನಿಸಿದರೆ ಕಣ್ಣಿಗೆ ಕಾಣದ ಕೊಳೆ ಅಂಟಿದೆ ಅಂತ ಅರ್ಥ. ಅದಕ್ಕೆ ಕ್ಲೇ ಬಾರ್ ಅಂತ ಜೇಡಿಮಣ್ಣಿನಂಥ ಉಂಡೆ ಸಿಗುತ್ತದೆ. ಜಾರುವ ದ್ರವ ಸಿಂಪಡಿಸಿ ಹಗುರವಾಗಿ ಆಡಿಸಬೇಕು. ನಮ್ಮ ಕಾರಿಗೆ ಬಾನೆಟ್ ಮತ್ತು ರೂಫ್‌ಗೆ ಮಾತ್ರ ಬೇಕಾಯ್ತು.

ಕೊನೆಗೆ ವ್ಯಾಕ್ಸ್. ನಾನು ಬೆಣ್ಣೆ ಹಚ್ಚಿದ ಹಾಗೆ ಮೆತ್ತಿದೆ. ಅಪ್ಪ ಡಬ್ಬಿ ಹಿಂದಿನ ಬರಹ ಓದಿ, "ತೆಳ್ಳಗೆ ಅಂತ ಬರೆದಿದೆ ನೋಡು" ಅಂದು ಸ್ಪಂಜು ಇಸಕೊಂಡರು. ಅವರ ಕೈ ಬಾನೆಟ್ ಮೇಲೆ ಉದ್ದುದ್ದ ಹೋಯ್ತು, ಒಂಚೂರೂ ಒತ್ತಡವಿಲ್ಲದೆ. ಒಂದು ಭಾಗಕ್ಕೆ ಹಚ್ಚಿ, ಮಂಜು ಕವಿದ ಹಾಗೆ ಬೆಳ್ಳಗಾದ ಮೇಲೆ ಒರೆಸಿ, ಆಮೇಲೆ ಪಕ್ಕದ ಭಾಗ. ಕಪ್ಪು ಪ್ಲಾಸ್ಟಿಕ್‌ಗೆ ತಗುಲಿದರೆ ಬಿಳಿ ಕಲೆ ಕೂರುತ್ತದೆ, ಮುಂದಿನ ಗಾಜಿಗೆ ಬೇಡ, ವೈಪರ್ ಕಿರ್ ಅನ್ನುತ್ತದೆ. ಮ್ಯಾಟ್ ಬಣ್ಣದ ಗಾಡಿಗೆ ಈ ವ್ಯಾಕ್ಸ್ ಹಾಕಲೇಬೇಡಿ.

ಮುಗಿದಾಗ ಒಂಬತ್ತೂವರೆ. ಅಮ್ಮ ಕಾಫಿ ತಂದಳು. ಅಪ್ಪ ಚೊಂಬಲ್ಲಿ ಉಳಿದ ನೀರನ್ನು ಬಾನೆಟ್ ಮೇಲೆ ಚಿಮುಕಿಸಿದರು. ಹನಿಗಳು ಗುಂಡಗಾಗಿ ಜಾರಿಹೋದವು. ಮತ್ತೆ ಚಿಮುಕಿಸಿದರು.

ದಿನದ ಮಾತು

ಈಗಲೂ ಅವರು ಆರಕ್ಕೆ ಇಳಿಯುತ್ತಾರೆ. ಧೂಳಿದ್ದರೆ ಹಾಗೇ ಬಿಡುತ್ತಾರೆ, ಭಾನುವಾರ ತೊಳೆದರಾಯ್ತು. ಅವರು ಹುಡುಕುವುದು ಹಕ್ಕಿ ಹಿಕ್ಕೆ. ಅದರಲ್ಲಿ ಯೂರಿಕ್ ಆಮ್ಲ ಇರುತ್ತದೆ. ಬಿಸಿಲೇರಿದಂತೆ ಬಣ್ಣ ಮೆತ್ತಗಾಗಿ ಹಿಗ್ಗುತ್ತದೆ, ಸಂಜೆ ತಣ್ಣಗಾಗುವಾಗ ಹಿಕ್ಕೆಯ ಸುತ್ತ ಕುಗ್ಗಿ ಅದರ ಅಚ್ಚು ಉಳಿಸಿಕೊಳ್ಳುತ್ತದೆ. ಹಾಗಾಗಿ ಬಿಸಿಲಿಗೆ ಮೊದಲೇ ಒದ್ದೆ ಬಟ್ಟೆಯನ್ನು ಎರಡು ನಿಮಿಷ ಅದರ ಮೇಲೆ ಹೊದಿಸಿ, ಮೆತ್ತಗಾದ ಮೇಲೆ ಎತ್ತಿಬಿಡಬೇಕು. ಉಜ್ಜಬಾರದು. ವ್ಯಾಕ್ಸ್ ಇದ್ದರೆ ಇದಕ್ಕೆ ಸ್ವಲ್ಪ ಹೆಚ್ಚು ಸಮಯ ಸಿಗುತ್ತದೆ, ಅಷ್ಟೇ. ವ್ಯಾಕ್ಸ್ ಕವಚವಲ್ಲ.

ಹಳೆಯ ಗೆರೆಗಳು ಹೋಗಿಲ್ಲ. ವ್ಯಾಕ್ಸ್ ಅವನ್ನು ಸ್ವಲ್ಪ ಮರೆಸುತ್ತದೆ, ತೆಗೆಯುವುದಿಲ್ಲ. ಮೆಷಿನ್ ಪಾಲಿಶ್ ಮಾಡಿಸಿದರೆ ಹೋಗುತ್ತವೆ ಅಂದರು ಗ್ಯಾರೇಜಿನವರು. ಇರುವ 40 ಮೈಕ್ರಾನಿನಲ್ಲಿ ಈಗಲೇ ಯಾಕೆ ಕಳೆಯಬೇಕು ಅಂತ ಬಿಟ್ಟಿದ್ದೇನೆ. ಬಂಕಿನ ದೀಪದಲ್ಲಿ ಈಗಲೂ ಕಾಣಿಸುತ್ತವೆ. ಹೊಟ್ಟೆ ಕಿವುಚುವುದಿಲ್ಲ.

ಮುಂದಿನ ತಿಂಗಳು ಆಯುಧಪೂಜೆ ಬಂತು. ಬಾಳೆಕಂಬ, ಚೆಂಡು ಹೂವಿನ ಹಾರ, ಬೂದುಗುಂಬಳ, ಚಕ್ರಕ್ಕೆ ನಿಂಬೆಹಣ್ಣು. ಹಾರದ ತಂತಿ ಬಣ್ಣಕ್ಕೆ ತಾಗದ ಹಾಗೆ ಅಪ್ಪ ದಾರದಲ್ಲೇ ಕಟ್ಟಿದ್ದರು. ನಾನು ಕುಂಕುಮ ತಗೊಂಡು ಬಾನೆಟ್ ಕಡೆ ಕೈ ಚಾಚಿದೆ.

"ಅಲ್ಲಿ ಬೇಡ ಕಣಮ್ಮ, ಗಾಜಿಗಿಡು" ಅಂದರು. "ಮೊನ್ನೆ ತಾನೇ ವ್ಯಾಕ್ಸ್ ಹಾಕಿದ್ದೀನಿ."